ಕರಿಬೇವಿನ ಚಿಗುರು ಹಳದಿ, ಟೊಮೆಟೊ ತಳ ಕಪ್ಪು: ಇನ್ನೇನು ಹಾಕಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ತಾರಸಿ ಮೇಲೆ ಇಪ್ಪತ್ತು ಕುಂಡ ಇಟ್ಟಿದ್ದೇನೆ. ಮೂರು ವರ್ಷದ ಕರಿಬೇವಿನ ಗಿಡದಲ್ಲಿ ಹೊಸ ಚಿಗುರೆಲ್ಲ ಹಳದಿ, ಕೆಳಗಿನ ಎಲೆ ಮಾತ್ರ ಹಸಿರು. ದಾಸವಾಳವೂ ಹಾಗೇ ಆಗುತ್ತಿದೆ. ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ. ಮೊಟ್ಟೆ ಚಿಪ್ಪು, ಎಪ್ಸಮ್ ಸಾಲ್ಟ್, ಬಾಳೆ ಸಿಪ್ಪೆ ನೆನೆಸಿದ ನೀರು, ಹುಳಿ ಮಜ್ಜಿಗೆ, ಊರಿಂದ ತಂದ ಒಲೆ ಬೂದಿ ಎಲ್ಲ ಹಾಕಿ ಆಯಿತು. ಯಾರೋ ಹೇಳಿದರು ಅಂತ ಕರಿಬೇವಿನ ಬುಡಕ್ಕೆ ತುಕ್ಕು ಹಿಡಿದ ಮೊಳೆಗಳನ್ನೂ ಹೂತಿದ್ದೇನೆ. ಹಾಕುವುದು ಬೋರ್‌ವೆಲ್ ನೀರು, ಜೊತೆಗೆ ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರು. ಇನ್ನೇನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ಹಾಕಿದ್ದರಲ್ಲೇ ಒಂದೆರಡನ್ನು ನಿಲ್ಲಿಸಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಚಿಗುರು ಹಳದಿ, ಕೆಳಗಿನ ಎಲೆ ಹಸಿರು ಅಂತ ಬರೆದಿದ್ದೀರಲ್ಲ, ಅಷ್ಟು ನೋಡಿ ಬರೆಯುವವರೇ ಕಡಿಮೆ. ನನ್ನನ್ನು ಕೇಳುವವರಲ್ಲಿ ಜಾಸ್ತಿ ಜನ "ಗಿಡ ಹಳದಿಯಾಗಿದೆ, ಏನು ಗೊಬ್ಬರ ಹಾಕಲಿ" ಅಂತ ಕೇಳಿ ಸುಮ್ಮನಾಗುತ್ತಾರೆ. ಯಾವ ಎಲೆ ಹಳದಿ ಅಂತ ಕೇಳಿದರೆ ಮತ್ತೆ ಮಹಡಿ ಹತ್ತಿ ನೋಡಿ ಬರಬೇಕು.

ಅದು ಯಾಕೆ ಮುಖ್ಯ ಅಂದರೆ, ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆ ಬಿದ್ದಾಗ ಗಿಡ ಅವನ್ನು ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಸೊರಗುವುದು ಕೆಳಗಿನ ಎಲೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಂದು ಸಲ ಒಂದು ಎಲೆಗೆ ಸೇರಿದರೆ ಹೆಚ್ಚುಕಡಿಮೆ ಅಲ್ಲೇ ಉಳಿದುಬಿಡುತ್ತವೆ. ಬೇರಿನಿಂದ ಹೊಸದಾಗಿ ಬರದಿದ್ದರೆ ಹೊಸ ಎಲೆಗೆ, ಹೊಸ ಕಾಯಿಗೆ ಇಲ್ಲ. ನಿಮ್ಮ ಎರಡು ತೊಂದರೆಯೂ ಈ ಎರಡನೇ ಗುಂಪಿನವು.

ಈಗ ಕರಿಬೇವಿನ ತುದಿಯಿಂದ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ನರಗಳು ಮಾತ್ರ ಸಣ್ಣ ಬಲೆಯ ಹಾಗೆ ಹಸಿರಾಗಿ ಕಾಣುತ್ತಿದ್ದರೆ ಅದು ಕಬ್ಬಿಣದ ಕೊರತೆ. ತುಂಬಾ ಮುಂದುವರೆದಿದ್ದರೆ ನರವೂ ಮಾಸಿ ಎಲೆ ಕೆನೆ ಬಣ್ಣಕ್ಕೆ ಬರುತ್ತದೆ, ತುದಿ ಒಣಗುತ್ತದೆ. ನರದ ನಡುವೆ ಹಳದಿ ಅನ್ನುವುದು ಮೆಗ್ನೀಸಿಯಂ ಕೊರತೆಯಲ್ಲೂ ಇದೆ, ಆದರೆ ಅದು ಕೆಳಗಿನ ಬಲಿತ ಎಲೆಯಲ್ಲಿ. ಬಹುಶಃ ಎಲ್ಲೋ ಅಂಥ ಎಲೆಯ ಫೋಟೋ ನೋಡಿಯೇ ನೀವು ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಹಾಕಿದ್ದು, ಅಲ್ವಾ? ಎರಡರ ಎಲೆಯನ್ನು ಬಿಡಿಬಿಡಿಯಾಗಿ ಫೋಟೋ ತೆಗೆದರೆ ನನಗೂ ಹೇಳುವುದು ಕಷ್ಟ. ಗಿಡದಲ್ಲಿ ಎಲ್ಲಿಂದ ಬಂದ ಎಲೆ ಅಂತ ಗೊತ್ತಾದರೆ ಸುಲಭ.

ಬೇರೆ ಕುಂಡಗಳಿಗೂ ಬೇಕಾಗುತ್ತದೆ, ಬೇಗ ಹೇಳಿಬಿಡುತ್ತೇನೆ. ಕೆಳಗಿನ ಎಲೆ ನರದ ಸಮೇತ ಪೂರ್ತಿ ಮಾಸಲು ಹಳದಿಯಾಗಿ ಉದುರಿದರೆ ಸಾರಜನಕದ ಕೊರತೆ. ಹಿಂಡಿ ನೆನೆಸಿದ ನೀರು ಕೊಟ್ಟರೆ ಸರಿಹೋಗುತ್ತದೆ, ಕಡಲೆಕಾಯಿ ಹಿಂಡಿ ಆದರೂ ಸರಿ, ಹೊಂಗೆ ಹಿಂಡಿ ಆದರೂ ಸರಿ. ಹೊಸ ಎಲೆ ಪೂರ್ತಿ ಮಾಸಿದರೆ ಗಂಧಕದ ಕೊರತೆ ಇರಬಹುದು, ಕುಂಡದಲ್ಲಿ ಅಪರೂಪ. ನಿಂಬೆ ಗಿಡದಲ್ಲಿ ಹೊಸ ಎಲೆ ಬೆರಳಿನ ಉಗುರಿನಷ್ಟೇ ಆಗಿ, ಒತ್ತೊತ್ತಾಗಿ, ಮಚ್ಚೆ ಮಚ್ಚೆ ಹಳದಿಯಾದರೆ ಸತು. ಡಿಸೆಂಬರ್–ಜನವರಿ ಚಳಿಯಲ್ಲಿ ಟೊಮೆಟೊ ಸಸಿಯ ಎಲೆಯ ಅಡಿ ನೇರಳೆಯಾದರೆ ರಂಜಕ, ಆದರೆ ಅದಕ್ಕೆ ಏನೂ ಮಾಡಬೇಡಿ. ಮಣ್ಣು ತಣ್ಣಗಿದ್ದಾಗ ಬೇರು ರಂಜಕ ಎಳೆಯುವುದಿಲ್ಲ, ಬಿಸಿಲು ಏರಿದರೆ ತಾನಾಗಿ ಹೋಗುತ್ತದೆ. ಹಳೆ ಎಲೆಯ ಅಂಚು ಸುಟ್ಟ ಹಾಗೆ ಕಂದಾದರೆ ಪೊಟ್ಯಾಷ್ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹಾಗೆ ಕಂಡರೆ ನಾನು ಮೊದಲು ಅನುಮಾನ ಪಡುವುದು ಆರ್‌ಒ ನೀರನ್ನು, ಯಾಕೆಂದರೆ ಉಪ್ಪು ಜಾಸ್ತಿಯಾದರೂ ಅಂಚು ಹೀಗೇ ಸುಡುತ್ತದೆ.

ಇನ್ನೊಂದು ಮೋಸ ಇದೆ. ಬೆಂಡೆ ಗಿಡದ ಎಲೆಯಲ್ಲಿ ನರವೇ ಹಳದಿಯಾಗಿ ನಡುವಿನ ಜಾಗ ಹಸಿರಾಗಿದ್ದರೆ, ಅಂದರೆ ಕಬ್ಬಿಣದ ಕೊರತೆಗೆ ಪೂರ್ತಿ ಉಲ್ಟಾ, ಅದು ಬಿಳಿ ನೊಣ ಹರಡುವ ನಂಜು ರೋಗ. ಯಾವ ಗೊಬ್ಬರಕ್ಕೂ ಬಗ್ಗುವುದಿಲ್ಲ, ಗಿಡ ಕಿತ್ತು ಎಸೆಯಿರಿ. ದಾಸವಾಳದ ಎಲೆ ತಿರುವಿ ಅಡಿಯನ್ನೂ ನೋಡಿ. ಸಣ್ಣ ಚುಕ್ಕಿ ಚುಕ್ಕಿ ಹಳದಿ, ಅಡಿಯಲ್ಲಿ ಧೂಳಿನ ಹಾಗೆ ಏನೋ, ತೆಳ್ಳಗೆ ಬಲೆ ಕಂಡರೆ ಅದು ನುಸಿ. ಒಂದು ಬಿಳಿ ಕಾಗದದ ಮೇಲೆ ಎಲೆ ಕೊಡವಿ, ಒಂದು ನಿಮಿಷ ಸುಮ್ನೆ ನೋಡುತ್ತಿರಿ. ಧೂಳು ನಡೆದಾಡಿದರೆ ನುಸಿ.

ಸರಿ, ನಿಮ್ಮದು ಕಬ್ಬಿಣ ಅಂತಲೇ ಇಟ್ಟುಕೊಳ್ಳೋಣ. ಕುಂಡಕ್ಕೆ ತುಂಬಿದ್ದು ಕೆಂಪು ಮಣ್ಣು ತಾನೇ? ಅದು ಕೆಂಪಗಿರುವುದೇ ಕಬ್ಬಿಣದಿಂದ. ಒಂದು ಕುಂಡದ ಮಣ್ಣಿನಲ್ಲಿ ನಿಮ್ಮ ಕರಿಬೇವಿಗೆ ನೂರು ವರ್ಷಕ್ಕೂ ಮುಗಿಯದಷ್ಟು ಕಬ್ಬಿಣ ಇದೆ. ಅದರ ಬುಡಕ್ಕೆ ಇನ್ನೂ ನಾಲ್ಕು ಮೊಳೆ ಹೂತರೆ ಆಗುವುದೇನು? ಮಣ್ಣು ಅಗೆಯುವಾಗ ಕೈಗೆ ಚುಚ್ಚುತ್ತದೆ, ಅಷ್ಟೇ. ತೆಗೆದುಬಿಡಿ.

ಇರುವ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ ಅನ್ನುವುದೇ ನಿಮ್ಮ ತೊಂದರೆ, ಮತ್ತು ಅದಕ್ಕೆ ಕಾರಣ ನೀರು. ನಿಮ್ಮ ಸ್ನಾನದ ಬಕೆಟ್ಟಿನ ಒಳಗೆ, ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಬೆಳ್ಳಗೆ ಗಟ್ಟಿ ಪೊರೆ ಕಟ್ಟುತ್ತಲ್ಲ, ಅದೇ ಸುಣ್ಣ ಮೂರು ವರ್ಷದಿಂದ ದಿನಾ ಒಂದು ಮಗ್ ಲೆಕ್ಕದಲ್ಲಿ ಕುಂಡಕ್ಕೂ ಹೋಗುತ್ತಿದೆ. ಬೆಂಗಳೂರಿನ ಕೆಂಪು ಮಣ್ಣು ಮೂಲದಲ್ಲಿ ಸ್ವಲ್ಪ ಹುಳಿ ಕಡೆಯದು. ಬೋರ್‌ವೆಲ್ಲಿನ ಗಡಸು ನೀರು ಅದನ್ನು ನಿಧಾನವಾಗಿ ಕ್ಷಾರದ ಕಡೆಗೆ ತಳ್ಳುತ್ತದೆ. ಪಿಎಚ್, ಅಂದರೆ ಹುಳಿ-ಕ್ಷಾರ ಅಳೆಯುವ ರಸಸಾರ, 6ರಿಂದ 6.5ರ ಆಸುಪಾಸು ಇದ್ದರೆ ಕರಿಬೇವಿಗೆ ಕಬ್ಬಿಣ ಆರಾಮಾಗಿ ಸಿಗುತ್ತದೆ. 7.5 ದಾಟಿದರೆ ಕಷ್ಟ ಶುರು. ರಸಸಾರ ಒಂದು ಅಂಕಿ ಏರಿದರೆ ಮಣ್ಣಿನ ಕಬ್ಬಿಣ ನೀರಿನಲ್ಲಿ ಕರಗುವ ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ. ಹತ್ತಲ್ಲ, ನೂರಲ್ಲ, ಸಾವಿರ.

ಈಗ ನೀವು ಹಾಕಿದ್ದನ್ನು ನೋಡಿ. ಮೊಟ್ಟೆ ಚಿಪ್ಪು ಅಂದರೆ ಸುಣ್ಣದ ಕಲ್ಲೇ, ಹುಳಿ ಮಣ್ಣಿನಲ್ಲಾದರೆ ನಿಧಾನಕ್ಕೆ ಕರಗುತ್ತದೆ, ನಿಮ್ಮ ಕುಂಡದಲ್ಲಿ ಮುಂದಿನ ವರ್ಷವೂ ಹಾಗೇ ಸಿಗುತ್ತದೆ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ, ನಿಜ, ಆದರೆ ಅದು ಕ್ಷಾರ. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಒಳ್ಳೆಯದು, ಬೋರ್‌ವೆಲ್ ನೀರು ಕುಡಿಯುವ ತಾರಸಿ ಕುಂಡಕ್ಕೆ ಬೇಡವೇ ಬೇಡ. ಬಾಳೆ ಸಿಪ್ಪೆ ನೀರಿನಿಂದ ಅಪಾಯವಿಲ್ಲ, ದೊಡ್ಡ ಲಾಭವೂ ಇಲ್ಲ, ಹಣ್ಣಿನ ನೊಣ ಜಾಸ್ತಿಯಾಗುತ್ತವೆ. ಸಿಪ್ಪೆಯನ್ನು ಕಾಂಪೋಸ್ಟ್‌ಗೆ ಹಾಕಿ.

ಆರ್‌ಒ ನೀರನ್ನು ಇವತ್ತೇ ನಿಲ್ಲಿಸಿ. ನೀರು ವೇಸ್ಟ್ ಆಗಬಾರದು ಅನ್ನುವ ನಿಮ್ಮ ಮನಸ್ಸು ಅರ್ಥವಾಗುತ್ತದೆ, ನಾನೂ ಹಾಗೇ ಬೆಳೆದವನು. ಆದರೆ ಫಿಲ್ಟರ್ ಮಾಡುವುದು ಒಳಬಂದ ನೀರಿನ ಉಪ್ಪನ್ನೆಲ್ಲ ಹೊರಗಿನ ಪೈಪಿಗೆ ದಾಟಿಸುವ ಕೆಲಸ. ನಿಮ್ಮ ಬೋರ್‌ವೆಲ್ ನೀರೇ ಗಡಸು, ಅದನ್ನೇ ಇನ್ನಷ್ಟು ಗಟ್ಟಿ ಮಾಡಿ ಗಿಡಕ್ಕೆ ಕೊಟ್ಟ ಹಾಗಾಯಿತು. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ. ಮನೆಗೆ ವಾಟರ್ ಸಾಫ್ಟನರ್ ಹಾಕಿಸಿದ್ದರೆ ಆ ನೀರೂ ಗಿಡಕ್ಕೆ ಬೇಡ. ಅದು ಸುಣ್ಣ ತೆಗೆದು ಸೋಡಿಯಂ ಸೇರಿಸುತ್ತದೆ, ಬಟ್ಟೆಗೆ ಚೆನ್ನ, ಬೇರಿಗೆ ಇನ್ನೂ ಕೆಟ್ಟದ್ದು.

ಮಜ್ಜಿಗೆ ವಿಷಯ ಹೇಳಬೇಕು, ಕರಿಬೇವಿಗೆ ಮಜ್ಜಿಗೆ ಹಾಕಬೇಡಿ ಅಂದರೆ ಜಗಳಕ್ಕೇ ಬರುತ್ತಾರೆ. ಅದರಲ್ಲಿ ವಿಷಯ ಇಲ್ಲದಿಲ್ಲ. ಹುಳಿ ಇದೆ, ಒಂದಿಷ್ಟು ಸಾರಜನಕ ಇದೆ, ಕೆಲವು ದಿನ ಬೇರಿನ ಸುತ್ತ ಕ್ಷಾರ ಸ್ವಲ್ಪ ತಗ್ಗುತ್ತದೆ. ನಮ್ಮಜ್ಜಿಯ ಹಿತ್ತಲಿನಲ್ಲಿ ಮಜ್ಜಿಗೆ ಕುಡಿದ ಕರಿಬೇವು ಮನೆಯ ಹೆಂಚಿನ ಎತ್ತರಕ್ಕೆ ಬೆಳೆದಿತ್ತು. ಆದರೆ ಅದರ ಬೇರು ನೆಲದಲ್ಲಿತ್ತು, ಬೇಕಾದಲ್ಲಿಗೆ ಹೋಗಿ ಹುಡುಕಿಕೊಳ್ಳುತ್ತಿತ್ತು, ವರ್ಷಕ್ಕೆ ನಾಲ್ಕು ತಿಂಗಳು ಮಳೆ ನೀರಿನಲ್ಲಿ ಮಣ್ಣು ತೊಳೆದುಹೋಗುತ್ತಿತ್ತು. ಹನ್ನೆರಡು ಇಂಚಿನ ಕುಂಡಕ್ಕೆ ಆ ಅನುಕೂಲ ಇಲ್ಲ. ಹಾಕುವುದಾದರೆ ಒಂದು ಲೋಟ ಹುಳಿ ಮಜ್ಜಿಗೆಗೆ ಐದಾರು ಲೋಟ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ. ಉಪ್ಪು ಹಾಕಿದ್ದು, ಒಗ್ಗರಣೆ ಕೊಟ್ಟಿದ್ದು ಮಿಕ್ಕಿತು ಅಂತ ಸುರಿಯಬೇಡಿ. ಸುರಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ನನ್ನ ಮಾತು ನಂಬುವ ಮೊದಲು ನೀವೇ ಪರೀಕ್ಷೆ ಮಾಡಬಹುದು. ಕುಂಡದ ಅಂಚಿನಲ್ಲಿ ಬೆಳ್ಳಗೆ ಪುಡಿ ಕೂತಿರುತ್ತದೆ. ಅದರ ಮೇಲೆ ನಿಂಬೆರಸ ಅಥವಾ ವಿನೆಗರ್ ನಾಲ್ಕು ಹನಿ ಬಿಡಿ. ಸಣ್ಣಗೆ ನೊರೆ ಬಂದರೆ ಸುಣ್ಣ. ಆಮೇಲೆ ಕುಂಡದ ಒಳಗಿನಿಂದ ಒಂದು ಚಮಚ ಮಣ್ಣು ತೆಗೆದು ಅದಕ್ಕೂ ಬಿಡಿ. ಮೊಟ್ಟೆ ಚಿಪ್ಪಿನ ಚೂರು ಇಲ್ಲದ ಮಣ್ಣು ನೋಡಿ ತೆಗೆಯಿರಿ, ಇಲ್ಲದಿದ್ದರೆ ಚಿಪ್ಪೇ ನೊರೆ ಬಿಟ್ಟು ದಾರಿ ತಪ್ಪಿಸುತ್ತದೆ. ಒಂದು ಸಲ ನಾನು ನರ್ಸರಿಯಿಂದ ತಂದ ರೆಡಿ ಮಣ್ಣಿನ ಚೀಲ ಬಿಚ್ಚಿ ಹೀಗೆ ನೋಡಿದರೆ ಸೋಡಾ ಬಾಟಲಿ ಥರ ಬುಸ್ ಅಂದಿತು. ಜರಡಿ ಹಿಡಿದಾಗ ಗಾರೆ ಚೂರು, ಸಿಮೆಂಟ್ ಉಂಡೆ. ಕಟ್ಟಡ ಒಡೆದ ಮಣ್ಣಿಗೆ ಎರೆಗೊಬ್ಬರ ಬೆರೆಸಿ ಕೊಟ್ಟಿದ್ದರು.

ಇನ್ನು ಕಬ್ಬಿಣವೇ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಲು ಒಂದು ಕೊಂಬೆಯ ಪರೀಕ್ಷೆ ಇದೆ. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಕೇಳಿ. ಹಳಬರು ಅನ್ನಭೇದಿ ಅನ್ನುವುದು ಇದನ್ನೇ. ಹರಳು ತಿಳಿ ಹಸಿರಾಗಿರಬೇಕು. ಕಂದು ಪುಡಿಯಾಗಿದ್ದರೆ ಗಾಳಿ ತಾಗಿ ಕೆಟ್ಟಿದೆ, ತರಬೇಡಿ. ಒಂದು ಲೀಟರ್ ನೀರಿಗೆ, ಮಳೆ ನೀರಾದರೆ ಒಳ್ಳೆಯದು, ಮೊದಲು ಒಂದೆರಡು ಚಿಟಿಕೆ ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್ ಕರಗಿಸಿ. ಆಮೇಲೆ ಅರ್ಧ ಟೀ ಚಮಚ, ಸುಮಾರು 3 ಗ್ರಾಂ, ಅನ್ನಭೇದಿ. ಒಂದೆರಡು ಹನಿ ಶಾಂಪೂ. ಈ ಕ್ರಮ ತಪ್ಪಿಸಬೇಡಿ. ಬೋರ್‌ವೆಲ್ ನೀರಿಗೆ ನೇರವಾಗಿ ಅನ್ನಭೇದಿ ಹಾಕಿದರೆ ಸ್ವಲ್ಪ ಹೊತ್ತಿಗೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಆಗ ಅದು ತುಕ್ಕಿನ ನೀರು, ಎಲೆ ಅದನ್ನು ಹೀರುವುದಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಒಂದೇ ಒಂದು ಕೊಂಬೆಗೆ, ಎಲೆಯ ಅಡಿಗೂ ತಾಗುವ ಹಾಗೆ ಸಿಂಪಡಿಸಿ, ಗುರುತಿಗೆ ಒಂದು ದಾರ ಕಟ್ಟಿ. ಏಳರಿಂದ ಹತ್ತು ದಿನದಲ್ಲಿ ಆ ಕೊಂಬೆ ಮಾತ್ರ ಹಸಿರಾದರೆ ಕಬ್ಬಿಣವೇ. ಹನಿ ಬಿದ್ದಲ್ಲಿ ಮಾತ್ರ ಹಸಿರು ಚುಕ್ಕಿ ಮೂಡುವುದೂ ಉಂಟು, ಅದೂ ಸಾಕು. ಆ ಕೊಂಬೆಯ ಸೊಪ್ಪನ್ನು ಅಷ್ಟು ದಿನ ಅಡಿಗೆಗೆ ಬಳಸಬೇಡಿ.

ಅಳತೆ ಮೀರಬೇಡಿ. ನಾನು ಶುರುವಿನಲ್ಲಿ ಒಂದು ಚಮಚ ಕೆಲಸ ಮಾಡಿದರೆ ಎರಡು ಚಮಚ ಇನ್ನೂ ಚೆನ್ನ ಅಂದುಕೊಂಡು, ಅದೂ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಂಬೆ ಗಿಡಕ್ಕೆ ಹೊಡೆದಿದ್ದೆ. ಮೂರನೇ ದಿನ ಚಿಗುರೆಲ್ಲ ಕಪ್ಪು. ತಾರಸಿ ನೆಲದ ಮೇಲೆ ಬಿದ್ದ ಹನಿಗಳು ಕಿತ್ತಳೆ ಬಣ್ಣದ ಕಲೆಯಾಗಿ ಮನೆ ಬಿಡುವ ದಿನದವರೆಗೂ ಇದ್ದವು, ಓನರ್ ಕೇಳಿದಾಗ ಪೇಂಟ್ ಚೆಲ್ಲಿತು ಅಂದೆ. ಕೆಳಗೆ ಹಳೆ ಪೇಪರ್ ಹಾಸಿಕೊಳ್ಳಿ.

ಪರೀಕ್ಷೆ ಪಾಸಾದರೆ ಇಡೀ ಗಿಡಕ್ಕೆ ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಬಹುದು. ಆದರೆ ಆ ಮೇಲೆ ಬರುವ ಚಿಗುರು ಮತ್ತೆ ಹಳದಿಯೇ, ಎಲೆಗೆ ಕೊಟ್ಟ ಕಬ್ಬಿಣ ಮುಂದಕ್ಕೆ ಹೋಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಬೇರಿಗೇ ಕೊಡಬೇಕು ಅಂದರೆ ಚಿಲೇಟೆಡ್ ಕಬ್ಬಿಣ ಬೇಕು, ಅಂದರೆ ತುಕ್ಕಾಗದ ಹಾಗೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡಿರುವ ಕಬ್ಬಿಣ. ಇಲ್ಲಿ ಅಂಗಡಿಯವರ ಮಾತಿಗೆ ಬೀಳಬೇಡಿ. ಎಲ್ಲ ಕಡೆ ಸುಲಭವಾಗಿ ಸಿಗುವುದು ಇಡಿಟಿಎ ಕಬ್ಬಿಣ, 12% ಅಂತ ಬರೆದಿರುತ್ತದೆ. ಅದು ರಸಸಾರ 6.5ರ ತನಕ ಮಾತ್ರ ಗಟ್ಟಿ, ನಿಮ್ಮ ಸುಣ್ಣದ ಮಣ್ಣಿಗೆ ಬಿದ್ದ ಕೂಡಲೇ ಕಬ್ಬಿಣವನ್ನು ಕೈಬಿಡುತ್ತದೆ. ಎಲೆಗೆ ಸಿಂಪಡಿಸಲು ಚೆನ್ನ. ಬುಡಕ್ಕೆ ಹಾಕಲು ಇಡಿಡಿಎಚ್‌ಎ ಅಂತ ಬರೆದದ್ದನ್ನೇ ಕೇಳಿ. ಅದರಲ್ಲಿ ಕಬ್ಬಿಣ 6% ಮಾತ್ರ, ಬೆಲೆ ಜಾಸ್ತಿ, ಆದರೆ ರಸಸಾರ 9ರಲ್ಲೂ ಬಿಡುವುದಿಲ್ಲ. ನೀರಿಗೆ ಹಾಕಿದರೆ ಬೀಟ್‌ರೂಟ್ ರಸದ ಥರ ಕಡುಗೆಂಪು. ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಗ್ರಾಂ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಸಂಜೆ, ಒದ್ದೆ ಮಣ್ಣಿಗೆ ಹಾಕಿದರೆ ಸಾಕು.

ಇದೂ ಸಾಲ ಮಾಡಿ ದಿನ ತಳ್ಳಿದ ಹಾಗೆ, ನೀರು ಬದಲಾಗದಿದ್ದರೆ ಆರು ತಿಂಗಳಿಗೆ ಮತ್ತೆ ಇಲ್ಲೇ ಬರುತ್ತೀರಿ. ಮಳೆಗಾಲದಲ್ಲಿ ತಾರಸಿಯ ಪೈಪಿನ ಕೆಳಗೆ ಒಂದು ಡ್ರಮ್ ಇಡಿ, ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ. ಸೆಪ್ಟೆಂಬರಿನ ಜೋರು ಮಳೆ ಆದಾಗ ಕುಂಡಗಳನ್ನು ಸೂರಿನಡಿಗೆ ಎಳೆಯಬೇಡಿ, ನೆನೆಯಲಿ, ತಳದ ತೂತಿನಿಂದ ನೀರು ಚೆನ್ನಾಗಿ ಹರಿದು ಉಪ್ಪು ಹೋಗಲಿ. ಕಾವೇರಿ ನೀರು ಬರುವ ದಿನ ಎರಡು ಬಕೆಟ್ ಈ ಮೂರು ನಾಲ್ಕು ಗಿಡಗಳಿಗೆ ಮೀಸಲಿಡಿ. ಎರಡೂ ಆಗದಿದ್ದರೆ ಹತ್ತು ಲೀಟರ್ ಬೋರ್‌ವೆಲ್ ನೀರಿಗೆ ಅರ್ಧ ಟೀ ಚಮಚ ನಿಂಬೆ ಉಪ್ಪು ಬೆರೆಸಿ ವಾರಕ್ಕೊಮ್ಮೆ ಹಾಕಬಹುದು. ಇದರ ಪ್ರಭಾವ ಹೆಚ್ಚು ದಿನ ನಿಲ್ಲುವುದಿಲ್ಲ. ನಿಧಾನವಾದರೂ ಸ್ವಲ್ಪ ನಿಲ್ಲುವಂಥದ್ದು ಗಂಧಕದ ಪುಡಿ. ಕುಂಡಕ್ಕೆ ಒಂದು ಟೀ ಚಮಚ ಮೇಲ್ಮಣ್ಣಿಗೆ ಬೆರೆಸಿ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡಲು ಒಂದೆರಡು ತಿಂಗಳು ಹಿಡಿಯುತ್ತದೆ.

ಟೊಮೆಟೊಗೆ ಬರೋಣ. ಕಾಯಿಯ ತೊಟ್ಟಿನ ಕಡೆ ಅಲ್ಲ, ಹೂವು ಇದ್ದ ಕಡೆ, ಒಣ ಚರ್ಮದ ಹಾಗೆ ಒಳಕ್ಕೆ ಕುಸಿದ ಕಪ್ಪು ಕಲೆ ಇದೆಯಾ? ಹಾಗಿದ್ದರೆ ಅದು ರೋಗ ಅಲ್ಲ, ಕ್ಯಾಲ್ಸಿಯಂ ಕೊರತೆ. ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದಿಲ್ಲ, ಬೂಷ್ಟು ಬಂದಿರದಿದ್ದರೆ ಕಪ್ಪು ಭಾಗ ಕತ್ತರಿಸಿ ಉಳಿದದ್ದನ್ನು ಸಾರಿಗೆ ಹಾಕಬಹುದು.

ಕ್ಯಾಲ್ಸಿಯಂ ಕೊರತೆ ಅಂದ ಕೂಡಲೇ ಮೊಟ್ಟೆ ಚಿಪ್ಪು ನೆನಪಾಗುತ್ತದೆ. ಆದರೆ ನಿಮ್ಮ ನೀರಿನಲ್ಲಿ ಇರುವುದೇ ಸುಣ್ಣ! ಕೆಂಪು ಮಣ್ಣಿನಲ್ಲಿ ಕಬ್ಬಿಣ ಸಿಗದ ಹಾಗೆ, ಸುಣ್ಣದ ನೀರು ಕುಡಿದೂ ಕಾಯಿಗೆ ಕ್ಯಾಲ್ಸಿಯಂ ಸಿಗುತ್ತಿಲ್ಲ, ಕಾರಣ ಮಾತ್ರ ಬೇರೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೆ ಹೋಗಬೇಕು. ಎಲೆಯಿಂದ ನೀರು ಆವಿಯಾಗುವುದು ಜಾಸ್ತಿ, ಹಾಗಾಗಿ ನೀರೆಲ್ಲ ಎಲೆ ಕಡೆಗೇ ಎಳೆದುಕೊಳ್ಳುತ್ತದೆ. ಕಾಯಿಯ ಸಿಪ್ಪೆ ನುಣುಪು, ಅಲ್ಲಿಂದ ಆವಿ ಹೋಗುವುದು ತೀರಾ ಕಮ್ಮಿ. ಮಣ್ಣು ಒಂದು ದಿನ ಒಣಗಿತು ಅಂದರೆ ಇರುವ ನೀರನ್ನು ಎಲೆಯೇ ಕುಡಿದು ಕಾಯಿಯ ತುದಿಗೆ ಏನೂ ಮುಟ್ಟುವುದಿಲ್ಲ. ಈ ಪೆಟ್ಟು ಬೀಳುವುದು ಕಾಯಿ ಗೋಲಿ ಗಾತ್ರ ಇದ್ದಾಗ, ಕಣ್ಣಿಗೆ ಕಾಣುವುದು ಒಂದೆರಡು ವಾರದ ನಂತರ. ಸ್ವಲ್ಪ ಲೆಕ್ಕ ಹಾಕಿ ನೋಡಿ, ಹದಿನೈದು ದಿನದ ಹಿಂದೆ ಎರಡು ದಿನ ಊರಿಗೆ ಹೋಗಿದ್ದಿರಾ? ಬಂದ ಮೇಲೆ ಪಾಪ ಒಣಗಿದೆ ಅಂತ ಒಂದೇ ಸಲ ಎರಡು ಬಕೆಟ್ ಸುರಿದಿರಾ?

ಎಪ್ಸಮ್ ಸಾಲ್ಟ್ ಇಲ್ಲಿ ಉಪಕಾರಕ್ಕಿಂತ ಅಪಕಾರ ಮಾಡಿದೆ. ಬೇರಿನ ಬಾಗಿಲಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಪೈಪೋಟಿ ನಡೆಸುತ್ತವೆ. ಟೊಮೆಟೊಗೆ ಎಪ್ಸಮ್ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ, ಬಲಿತ ಎಲೆಯಲ್ಲಿ ಕೊರತೆ ಕಾಣದೆ ನಾನಂತೂ ಹಾಕುವುದಿಲ್ಲ. ಯೂರಿಯಾ, ಹಿಂಡಿ ನೀರನ್ನೂ ಕಾಯಿ ಕಚ್ಚುವ ಹೊತ್ತಿಗೆ ತಗ್ಗಿಸಿ, ಎಲೆ ಸೊಕ್ಕಿದಷ್ಟೂ ಕಾಯಿಗೆ ಕಷ್ಟ. ಬೇಸಿಗೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಮುಚ್ಚಿಗೆ ಎರಡು ಇಂಚು ಹಾಕಿ. ಮುಂದಿನ ಸಲ ಗಿಡಕ್ಕೊಂದರಂತೆ ಕನಿಷ್ಠ ಹದಿನೈದು ಇಂಚಿನ ಗ್ರೋ ಬ್ಯಾಗ್ ಇಡಿ, ಸಣ್ಣ ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ. ಕಪ್ಪಾದ ಕಾಯಿ ಕಿತ್ತುಬಿಡಿ. ಮೊದಲ ಗೊಂಚಲು ಹಾಳಾದರೂ ಮುಂದಿನವು ಸಾಮಾನ್ಯವಾಗಿ ಚೆನ್ನಾಗೇ ಬರುತ್ತವೆ.

ಸತು, ಬೋರಾನ್ ಮುಂತಾದ ಲಘು ಪೋಷಕಾಂಶಗಳನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ತೂಕ ಹಾಕಲು ಹೋಗಬೇಡಿ. ಬೋರಾನ್ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ಅಂತರ ಬಹಳ ಕಡಿಮೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೆಬಲ್ ಸ್ಪೆಷಲ್ ಅನ್ನುವ ಲಘು ಪೋಷಕಾಂಶಗಳ ಮಿಶ್ರಣ ಇದೆ, ನಿಂಬೆ ಜಾತಿಗೆ ಅರ್ಕಾ ಸಿಟ್ರಸ್ ಸ್ಪೆಷಲ್ ಇದೆ. ಪೊಟ್ಟಣದ ಮೇಲಿನ ಅಳತೆಯಲ್ಲಿ ಎಲೆಗೆ ಸಿಂಪಡಿಸಿದರೆ ಸಾಕು. ಇಪ್ಪತ್ತು ಕುಂಡ ಇರುವವರು ಒಂದು ಸಲ ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಯಲ್ಲಿ ವಿಚಾರಿಸಿ.

ದಾರ ಕಟ್ಟಿದ ಕೊಂಬೆ ಎರಡು ವಾರವಾದರೂ ಹಸಿರಾಗದಿದ್ದರೆ ಮತ್ತೆ ಏನನ್ನೂ ಸಿಂಪಡಿಸಬೇಡಿ. ಕುಂಡಕ್ಕೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಪಕ್ಕಕ್ಕೆ ಮಲಗಿಸಿ, ತಟ್ಟಿ ಗಿಡವನ್ನು ಹೊರಗೆಳೆಯಿರಿ. ಮೂರು ವರ್ಷದ ಕರಿಬೇವು, ಬೇರು ಕುಂಡದ ಗೋಡೆಗೆ ಚಾಪೆ ಹೆಣೆದ ಹಾಗೆ ಸುತ್ತಿರಬಹುದು. ಅಥವಾ ತಳದ ತೂತು ಮುಚ್ಚಿ, ಬೇರು ಕಪ್ಪಾಗಿ, ಕೊಳೆತ ವಾಸನೆ ಬರಬಹುದು. ನೀರು ನಿಂತು ಉಸಿರು ಕಟ್ಟಿದ ಬೇರೂ ಕಬ್ಬಿಣ ಎಳೆಯಲಾರದು, ಮೇಲಿನ ಎಲೆ ಇದೇ ಥರ ಹಳದಿಯಾಗುತ್ತದೆ. ಸುತ್ತಿದ ಬೇರಾದರೆ ಹೊರಗಿನ ಒಂದಿಂಚು ಕತ್ತರಿಸಿ, ಹದಿನೆಂಟು ಇಂಚಿನ ಕುಂಡಕ್ಕೆ ಹೊಸ ಕೆಂಪು ಮಣ್ಣು, ಎರೆಗೊಬ್ಬರ, ಒಂದಿಷ್ಟು ಮರಳು ಹಾಕಿ ನೆಡಿ. ಕೊಳೆತಿದ್ದರೆ ಕಪ್ಪು ಬೇರು ತೆಗೆದು, ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗ ಸವರಿ, ಹತ್ತು ದಿನ ನೆರಳಲ್ಲಿಡಿ. ಈ ಕೆಲಸ ಚಳಿಗಾಲದಲ್ಲಿ ಬೇಡ. ಆಗ ಕರಿಬೇವು ನಿದ್ದೆಯಲ್ಲಿರುತ್ತದೆ, ನಾಲ್ಕು ಎಲೆ ಉದುರಿಸುವುದೂ ಸಹಜ. ಫೆಬ್ರವರಿ ಕೊನೆಗೆ, ಚಿಗುರು ಕಣ್ಣು ಬಿಡುವ ಹೊತ್ತಿಗೆ ಮಾಡಿ.